ಚೇಂಬರ್ ಬಾಯಿಗೆ ಇಸ್ತ್ರಿ: ಹಳೆಯ ವಾಲ್ಥರ್ .22 ಪಿಸ್ತೂಲಿನ ರಿಪೇರಿ

ಮೊದಲ ದಿನ ಗುಂಡು ಹಾರಿಸುವ ರೇಂಜಿಗೆ 50 ತೋಟೆ ತೆಗೆದುಕೊಂಡು ಹೋಗಿದ್ದೆ. 13 ಸಲ ಹ್ಯಾಮರ್ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ) ಬಿತ್ತು, ಆದರೆ ತೋಟೆ ಹಾರಲಿಲ್ಲ. ಹಾಗಾದಾಗ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದುಕೊಂಡು 30 ಸೆಕೆಂಡು ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಕಾದೆ. ಆಮೇಲೆ ಅದೇ ತೋಟೆಗೆ ಇನ್ನೊಮ್ಮೆ ಟ್ರಿಗರ್ ಎಳೆದೆ. 13ರಲ್ಲಿ 11 ಎರಡನೇ ಏಟಿಗೆ ಸರಿಯಾಗಿ ಹಾರಿದವು.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರೋಗ ಏನು ಅನ್ನುವುದು ಆ ಒಂದು ಸಾಲಿನಲ್ಲೇ ಇತ್ತು. ಅದನ್ನು ಸರಿಯಾಗಿ ಓದಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು.

ಪಿಸ್ತೂಲು ವಾಲ್ಥರ್ ಪಿಪಿಕೆ/ಎಸ್, .22 ಲಾಂಗ್ ರೈಫಲ್ ತೋಟೆಯದು. ಒಹಾಯೋದಲ್ಲಿ ನನ್ನ ಮನೆಗೆ ಹತ್ತಿರದ ಒಂದು ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಿಂಗಳುಗಟ್ಟಲೆ ಕೂತಿತ್ತು. ಅಮೆರಿಕಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾನು ಎಚ್-1ಬಿ ವೀಸಾದಲ್ಲಿದ್ದೆ. ಆ ವೀಸಾದವರಿಗೆ ಸಾಮಾನ್ಯವಾಗಿ ಕೋವಿ ಕೊಳ್ಳಲು ಅನುಮತಿ ಇಲ್ಲ. ಹಾಗಾಗಿ ಆಸೆಯನ್ನು ಪಕ್ಕಕ್ಕಿಟ್ಟಿದ್ದೆ. ಗ್ರೀನ್ ಕಾರ್ಡ್ ಬಂದ ಮೇಲೆ 4473 ಅನ್ನುವ ಫಾರಂ ತುಂಬಿಸಿ, ಅಂಗಡಿಯವರು ಹಿನ್ನೆಲೆ ವಿಚಾರಿಸಿ, ಪಿಸ್ತೂಲು ನನ್ನ ಕೈಗೆ ಬಂತು. ಊರಲ್ಲಿ ಇದಕ್ಕೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಬೇಕು, ರಿಪೇರಿಯನ್ನೂ ಲೈಸೆನ್ಸ್ ಇರುವವರ ಹತ್ತಿರವೇ ಮಾಡಿಸಬೇಕು. ಆದ್ದರಿಂದ ಊರಲ್ಲಿರುವವರು ದಯವಿಟ್ಟು ಇದನ್ನು ಓದಿ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಈ ಪಿಸ್ತೂಲಿನ ಹೆಸರಿನ ಹಿಂದೆ ಒಂದು ಚೆಂದದ ಕಥೆ ಇದೆ. ಜರ್ಮನಿಯ ತ್ಸೆಲ್ಲಾ-ಮೆಹ್ಲಿಸ್ ಊರಿನ ವಾಲ್ಥರ್ ಕಂಪನಿ 1929ರಲ್ಲಿ ಪೊಲೀಸರಿಗೆಂದು ಪಿಪಿ ಮಾಡಿತು. 1931ರಲ್ಲಿ ಅದರ ಗಿಡ್ಡ ತಮ್ಮ ಪಿಪಿಕೆ ಬಂತು. ಪಿಪಿಯ ಬ್ಯಾರಲ್ (ನಳಿಗೆ) 98 ಮಿಲಿಮೀಟರ್, ಪಿಪಿಕೆಯದು 83. ಯುದ್ಧ ಮುಗಿದ ಮೇಲೆ ಆ ಊರು ಸೋವಿಯತ್ ಭಾಗಕ್ಕೆ ಹೋಯಿತು. ವಾಲ್ಥರ್ ಮನೆಯವರು ಪಶ್ಚಿಮಕ್ಕೆ ಬಂದು ಊಲ್ಮ್‌ನಲ್ಲಿ ಮತ್ತೆ ನೆಲೆ ನಿಂತರು. ಜರ್ಮನಿಯಲ್ಲಿ ಪಿಸ್ತೂಲು ಮಾಡುವಂತಿರಲಿಲ್ಲವಾದ್ದರಿಂದ 1952ರಿಂದ ಫ್ರಾನ್ಸಿನ ಮ್ಯಾನುರಿನ್ ಕಂಪನಿ ಅಲ್ಸೇಸ್‌ನಲ್ಲಿ ಇವನ್ನು ತಯಾರಿಸಿತು. 1968ರಲ್ಲಿ ಅಮೆರಿಕದ ಹೊಸ ಕಾನೂನು ಬಂತು. ಹೊರದೇಶದಿಂದ ಬರುವ ಪಿಸ್ತೂಲು ಕನಿಷ್ಠ 4 ಇಂಚು ಎತ್ತರ ಇರಬೇಕು ಎಂದಾಯಿತು. ಪಿಪಿಕೆ ಕೂದಲೆಳೆಯಷ್ಟು ಗಿಡ್ಡ. ವಾಲ್ಥರ್‌ನವರು ಪಿಪಿಯ ಎತ್ತರದ ಫ್ರೇಮಿನ, ಅಂದರೆ ಹಿಡಿ ಇರುವ ಕೆಳಭಾಗದ ಮೇಲೆ ಪಿಪಿಕೆಯ ಗಿಡ್ಡ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗ ಕೂರಿಸಿದರು. ಅದೇ ಪಿಪಿಕೆ/ಎಸ್. ಅಂಗೈಯಲ್ಲಿ ಕಿರುಬೆರಳಿಗೂ ಜಾಗ ಸಿಗುವುದು ಆ ಕಾನೂನಿನ ಪುಣ್ಯ. ಎಲ್ಲ ಸೇರಿ ನೋಡಿದರೆ ನನಗೆ ಮೂಲ ಪಿಪಿಕೆಗಿಂತ ಇದೇ ಜಾಸ್ತಿ ಇಷ್ಟ.

ನನ್ನ ಪಿಸ್ತೂಲಿನ ಮೇಲೆ ಜಿಂಕೆ ಕೊಂಬಿನ ಸಣ್ಣ ಮುದ್ರೆ ಇದೆ. ಅದು ಊಲ್ಮ್‌ನ ಪ್ರೂಫ್ ಹೌಸ್ ಗುರುತು. ಅಂದರೆ ಅಲ್ಲಿ ಭಾರಿ ಒತ್ತಡದ ತೋಟೆ ಹಾರಿಸಿ ಪರೀಕ್ಷೆ ಮಾಡಿ ಕಳಿಸಿದ್ದಾರೆ. ಅರ್ಧ ಶತಮಾನಕ್ಕೂ ಹಳೆಯದು.

ಈಗ ರೋಗಕ್ಕೆ ಬರೋಣ. ಮೊದಲು ನನಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವ ಉತ್ತರ. ಹ್ಯಾಮರ್ ಸ್ಪ್ರಿಂಗ್ ಹಳೆಯದಾಗಿದೆ, ಏಟು ಮೆತ್ತಗೆ ಬೀಳುತ್ತಿದೆ. ಹೊಸ ಸ್ಪ್ರಿಂಗ್ ತರಿಸಿದೆ. ಹಿಡಿಯ ಪಕ್ಕದ ಒಂದೇ ಸ್ಕ್ರೂ ಬಿಚ್ಚಿ, ಎರಡೂ ಹಲಗೆ ತೆಗೆದು, ಸ್ಪ್ರಿಂಗ್ ಬದಲಿಸಿದೆ. ಹ್ಯಾಮರಿನ ಏಟನ್ನು ತೋಟೆಗೆ ಮುಟ್ಟಿಸುವ ಫೈರಿಂಗ್ ಪಿನ್ ಓಡಾಡುವ ತೂತಿಗೆ ಸಾಲ್ವೆಂಟ್ ಬಿಟ್ಟು ಊದಿದೆ. ಕಪ್ಪು ಜಿಡ್ಡು ಇಳಿದು ಬಂತು. ಮತ್ತೆ ರೇಂಜಿಗೆ ಹೋದೆ. 50ರಲ್ಲಿ 12. ಬರೀ ಒಂದು ಕಡಿಮೆ.

ಎರಡನೇ ಏಟಿಗೂ ಹಾರದ ಎರಡು ತೋಟೆಗಳನ್ನು ರೇಂಜಿನವರ ಪೆಟ್ಟಿಗೆಗೆ ಹಾಕುವ ಮೊದಲು ಭೂತಗನ್ನಡಿಯಲ್ಲಿ ನೋಡಿದೆ. ಬುಡದ ಮೇಲೆ ಪಿನ್ನಿನ ಏಟು ಇತ್ತು. ಒಂದು ಆಳ, ಒಂದು ಮೇಲುಮೇಲೆ. ಇನ್ನೊಂದು ವಿಷಯ ಕಂಡಿತು. ಹಿತ್ತಾಳೆ ಮೈ ಮೇಲೆ ಉದ್ದಕ್ಕೆ ಒಂದು ಗೀರು. ಹಾರಿದ ತೋಟೆಗಳ ಖಾಲಿ ಹಿತ್ತಾಳೆ ಕೇಸುಗಳ ರಾಶಿಯಿಂದ ಹತ್ತು ಎತ್ತಿ ನೋಡಿದೆ. ಹತ್ತರಲ್ಲೂ ಗೀರು, ಪಿನ್ನಿನ ಗುರುತಿನ ನೇರಕ್ಕೇ. ಬ್ಯಾರಲ್ಲಿನ ಹಿಂಬದಿಯಲ್ಲಿ ತೋಟೆ ಕೂರುವ ಗೂಡೇ ಚೇಂಬರ್. ಯಾವುದೋ ಒಂದು ಮುಳ್ಳು ಚೇಂಬರಿನೊಳಗೆ ಕೂತು ಪ್ರತಿ ತೋಟೆಯನ್ನೂ ಕೆರೆಯುತ್ತಿತ್ತು.

ಇದು ಅರ್ಥವಾಗಬೇಕಾದರೆ ರಿಮ್‌ಫೈರ್ ಅಂದರೆ ಏನು ಅಂತ ಗೊತ್ತಿರಬೇಕು. ದೊಡ್ಡ ತೋಟೆಗಳಲ್ಲಿ ಬುಡದ ನಡುವೆ ಮದ್ದಿಗೆ ಕಿಡಿ ಹಚ್ಚುವ ಒಂದು ಗುಂಡಿಯಂಥ ಪ್ರೈಮರ್ ಇರುತ್ತದೆ. .22ರಲ್ಲಿ ಹಾಗಿಲ್ಲ. ಬುಡದ ಸುತ್ತ ಹೊರಗೆ ಚಾಚಿದ ತೆಳ್ಳನೆಯ ಅಂಚು ಇದೆ, ಒಂದು ಮಿಲಿಮೀಟರ್ ದಪ್ಪ. ಆ ಅಂಚು ಒಳಗೆ ಟೊಳ್ಳು. ಹಸಿ ಮದ್ದನ್ನು ಕೇಸಿನೊಳಗೆ ಹಾಕಿ ಗಿರಗಿರ ತಿರುಗಿಸಿದಾಗ ಅದು ಅಂಚಿನ ಟೊಳ್ಳಿಗೆ ಹೋಗಿ ಕೂರುತ್ತದೆ. ಪಿನ್ನು ಅಂಚಿಗೆ ಬಡಿದು, ಅಂಚು ಚೇಂಬರಿನ ಬಾಯಿಯ ಉಕ್ಕಿಗೆ ಒತ್ತಿಕೊಂಡು ಜಜ್ಜಿದರೆ ಮಾತ್ರ ಮದ್ದು ಹೊತ್ತಿಕೊಳ್ಳುತ್ತದೆ. ಪಿನ್ನು ಸುತ್ತಿಗೆ, ಚೇಂಬರಿನ ಬಾಯಿ ಅಡಿಗಲ್ಲು. ಎರಡರ ನಡುವೆ ತೋಟೆಯ ಅಂಚು. ಅಡಿಗಲ್ಲಿಗೆ ತಾಗದ ವಸ್ತುವಿನ ಮೇಲೆ ಎಷ್ಟು ಜೋರಾಗಿ ಬಡಿದರೂ ಏನು ಪ್ರಯೋಜನ, ಅಲ್ವಾ?

ತೋಟೆ ಇಲ್ಲದೆ ಟ್ರಿಗರ್ ಎಳೆದರೆ? ಹಳೆಯ .22ಗಳಲ್ಲಿ ಪಿನ್ನು ನೇರ ಹೋಗಿ ಚೇಂಬರಿನ ಬಾಯಿಗೇ ಬಡಿಯುತ್ತದೆ. ಉಕ್ಕಿನ ಮೇಲೆ ಉಕ್ಕು. ಒಂದು ಏಟಿಗೆ ಏನೂ ಕಾಣುವುದಿಲ್ಲ. ಸಾವಿರ ಏಟಿಗೆ ಒಂದು ತಗ್ಗು ಬೀಳುತ್ತದೆ. ತಗ್ಗಿನಿಂದ ಸರಿದ ಉಕ್ಕು ಎಲ್ಲಿಗಾದರೂ ಹೋಗಲೇಬೇಕು. ಅದು ಚೇಂಬರಿನ ಒಳಕ್ಕೆ ಉಬ್ಬುತ್ತದೆ. ಅದೇ ನನ್ನ ಮುಳ್ಳು.

ಪಿಸ್ತೂಲು ಬಿಚ್ಚಿ ನೋಡಿದೆ. ಪಿಪಿ ಜಾತಿಯ ಪಿಸ್ತೂಲು ಬಿಚ್ಚುವುದು ಸುಲಭ, ನೋಡಲೂ ಸೊಗಸು. ಮ್ಯಾಗಜಿನ್ ತೆಗೆಯಬೇಕು. ಸ್ಲೈಡ್ ಎಳೆದು ಚೇಂಬರ್ ಖಾಲಿಯೇ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ಆಮೇಲೆ ಟ್ರಿಗರ್ ಗಾರ್ಡನ್ನು ಕೆಳಕ್ಕೆ ಎಳೆದು ಸ್ವಲ್ಪ ಪಕ್ಕಕ್ಕೆ ಒತ್ತಿ ಫ್ರೇಮಿಗೆ ಆನಿಸಬೇಕು. ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು, ಹಿಂಭಾಗ ಎತ್ತಿ, ಮುಂದಕ್ಕೆ ಬಿಟ್ಟರೆ ಬ್ಯಾರಲ್ ಮೇಲಿಂದ ಜಾರಿ ಹೊರಗೆ ಬರುತ್ತದೆ. ಬ್ಯಾರಲ್ ಫ್ರೇಮಿಗೇ ಗಟ್ಟಿಯಾಗಿ ಕೂತಿದೆ, ಅದರ ಸುತ್ತ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್. ಈ ಸ್ಥಿತಿಯಲ್ಲಿ ಟ್ರಿಗರ್ ಮುಟ್ಟಬಾರದು. ಸ್ಲೈಡ್ ಇಲ್ಲದೆ ಹ್ಯಾಮರ್ ಬಿದ್ದರೆ ಫ್ರೇಮಿಗೇ ಏಟು.

ಟಾರ್ಚ್ ಹಿಡಿದು ಚೇಂಬರಿನ ಬಾಯಿ ನೋಡಿದೆ. ಪಿನ್ ಬಡಿಯುವ ಜಾಗದಲ್ಲಿ ಆಯತಾಕಾರದ ಒಂದು ತಗ್ಗು. ಅದರ ಕೆಳಗೆ, ಚೇಂಬರಿನ ಒಳಗೋಡೆಯಲ್ಲಿ, ಹೊಳೆಯುವ ಒಂದು ಗುಳ್ಳೆ. ಸ್ಲೈಡ್ ಇಲ್ಲದಾಗ ಪಿನ್ನೂ ಇಲ್ಲ, ಹಾಗಾಗಿ ಮೂತಿಯನ್ನು ಸುರಕ್ಷಿತ ಕಡೆಗೆ ತಿರುಗಿಸಿ ಒಂದು ತೋಟೆಯನ್ನು ಬೆರಳಲ್ಲಿ ಮೆಲ್ಲಗೆ ಚೇಂಬರಿಗೆ ಬಿಟ್ಟೆ. ಒಳ್ಳೆಯ ಚೇಂಬರಾದರೆ ಟಕ್ ಅಂತ ಅಂಚಿನ ತನಕ ಇಳಿಯಬೇಕು. ಇದು ಒಂದು ಕೂದಲು ಹೊರಗೇ ನಿಂತಿತು.

ಹಾಗಾದರೆ ಆಗುತ್ತಿದ್ದದ್ದು ಇಷ್ಟು. ಸ್ಲೈಡ್ ಮುಂದೆ ಬಂದು ತೋಟೆಯನ್ನು ತಳ್ಳುತ್ತದೆ. ಗುಳ್ಳೆ ಅದನ್ನು ಕೊನೆಯ ಕೂದಲೆಳೆಯಲ್ಲಿ ತಡೆಯುತ್ತದೆ. ಪಿನ್ನಿನ ಮೊದಲ ಏಟು ತೋಟೆಯನ್ನು ಒಳಕ್ಕೆ ನೂಕುವುದರಲ್ಲೇ ಖರ್ಚಾಗುತ್ತದೆ. ಎರಡನೇ ಏಟಿಗೆ ತೋಟೆ ಅಡಿಗಲ್ಲಿಗೆ ತಾಗಿರುತ್ತದೆ, ಹಾರುತ್ತದೆ. 13ರಲ್ಲಿ 11 ಅನ್ನುವ ಸಾಲಿನ ಅರ್ಥ ಅದು. ಸ್ಪ್ರಿಂಗ್ ಪಾಪ, ಸರಿಯಾಗೇ ಇತ್ತು.

ಆ ತಗ್ಗನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ತುಕ್ಕು ಹಿಡಿಯುವುದು ಮರೆವಿನಿಂದ. ಇದು ಹಾಗಲ್ಲ, ಯಾರೋ ವರ್ಷಗಟ್ಟಲೆ ಸೋಫಾದಲ್ಲಿ ಕೂತು ಖಾಲಿ ಟ್ರಿಗರ್ ಎಳೆದದ್ದು. ಕೊಡಗಿನ ನಮ್ಮ ಮನೆಯಲ್ಲಿ ಹಳೆಯ ಒಂಟಿ ನಳಿಗೆಯ ಕೋವಿ ಇತ್ತು. ಸೆಪ್ಟೆಂಬರ್ ಮೊದಲಲ್ಲಿ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದಾಗ ಅದನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆಗೆ ಇಡುತ್ತಿದ್ದರು. ಕೆಂಪು ಹಳದಿ ನಾಲಗೆ ಚಾಚಿಕೊಂಡು ಬೆಂಕಿಯಂತೆ ಅರಳುವ ಹೂ ಅದು, ಗೌರಿ ಹೂ ಅಂತ ಬೇರೆ ಕಡೆ ಕರೆಯುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಒಮ್ಮೆ ನಾನು ಪೂಜೆ ಮುಗಿದ ಕೋವಿ ಎತ್ತಿ ಸುಮ್ನೆ ಟಿಕ್ ಅನಿಸಿದೆ. ಅಪ್ಪ ಬೈಯಲಿಲ್ಲ. ಕೋವಿ ತೆಗೆದುಕೊಂಡು ಒಳಗಿಟ್ಟರು, ಆ ವರ್ಷ ನನಗೆ ತೆಂಗಿನಕಾಯಿಗೆ ಹೊಡೆಯಲು ಕೊಡಲಿಲ್ಲ. ಖಾಲಿ ಕೋವಿ ಅಂತ ಒಂದು ಇಲ್ಲ ಅನ್ನುವುದು ಅವರ ಲೆಕ್ಕ. ಆ ಪಾಠ ಈ ಪಿಸ್ತೂಲಿನ ಹಿಂದಿನ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ ಅನಿಸುತ್ತದೆ.

ಹತ್ತಿರದ ಒಬ್ಬ ಗನ್‌ಸ್ಮಿತ್ ಹತ್ತಿರ ತೋರಿಸಿದೆ. ಅವರು ಒಂದು ಸಣ್ಣ ಗೋಲು ಅರ ತೆಗೆದು, ಗುಳ್ಳೆಯನ್ನು ಉಜ್ಜಿ ತೆಗೆದುಬಿಡೋಣ, ಐದು ನಿಮಿಷದ ಕೆಲಸ ಅಂದರು. ನಾನು ಬೇಡ ಎಂದೆ, ಪಿಸ್ತೂಲು ವಾಪಸ್ ತಂದೆ. ಅರ ಹಾಕಿದರೆ ಗುಳ್ಳೆ ಹೋಗುತ್ತದೆ, ನಿಜ. ಆದರೆ ಆ ಉಕ್ಕು ತಗ್ಗಿನಿಂದ ಬಂದದ್ದು. ಅದನ್ನು ಪುಡಿ ಮಾಡಿ ಎಸೆದರೆ ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಅರದ ಕೈ ತಪ್ಪಿದರೆ ಚೇಂಬರಿನ ಗೋಡೆ ಅಗಲವಾಗುತ್ತದೆ. ಅಲ್ಲಿ ಹಿತ್ತಾಳೆ ಕೇಸು ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅಥವಾ ಒಡೆಯುತ್ತದೆ. ಸರಿದ ಉಕ್ಕನ್ನು ಬಂದ ಜಾಗಕ್ಕೇ ವಾಪಸ್ ಕಳಿಸಬೇಕು.

ಅದಕ್ಕೆಂದೇ ಒಂದು ಹತಾರ ಇದೆ. ಹೆಸರು ಚೇಂಬರ್ ಐರನ್, ಅಂದರೆ ಚೇಂಬರಿನ ಇಸ್ತ್ರಿ ಪೆಟ್ಟಿಗೆ. ಹೆಸರು ಕೇಳಿದ ಕೂಡಲೇ ಇಷ್ಟವಾಯಿತು. ನೋಡಲು ಬೆರಳುದ್ದದ ಗಟ್ಟಿ ಉಕ್ಕಿನ ಕಡ್ಡಿ. ತುದಿ .22 ಚೇಂಬರಿನ ಅಳತೆಗೆ ನಯವಾಗಿ ಇಳಿಜಾರಾಗಿದೆ. ಅದು ಕತ್ತರಿಸುವುದಿಲ್ಲ, ಒತ್ತುತ್ತದೆ ಅಷ್ಟೇ.

ಶನಿವಾರ ಬೆಳಗ್ಗೆ ಕೆಲಸಕ್ಕೆ ಕೂತೆ. ಮನೆಯಲ್ಲಿದ್ದ ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟೆ. ವೈಸಿನ ದವಡೆಗೆ ದಪ್ಪ ಚರ್ಮ ಸುತ್ತಿ ಫ್ರೇಮನ್ನು ಮೆಲ್ಲಗೆ ಹಿಡಿಸಿದೆ. ಹ್ಯಾಮರನ್ನು ಹಿಂದಕ್ಕೆ ನಿಲ್ಲಿಸಿದರೆ ಚೇಂಬರಿಗೆ ನೇರ ದಾರಿ ಸಿಗುತ್ತದೆ. ಹ್ಯಾಮರ್ ಜಾರಿ ಬಿದ್ದರೂ ಪೆಟ್ಟಾಗದಂತೆ ಅದರ ಮುಂದೆ ಒಂದು ರಬ್ಬರ್ ತುಂಡು ಇಟ್ಟೆ. ಚೇಂಬರನ್ನು ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟೆ.

ಕಡ್ಡಿಯ ನಯವಾದ ಇಳಿಜಾರನ್ನು ಗುಳ್ಳೆಯ ಎದುರಿಗೆ ತಂದು ಒಳಕ್ಕೆ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಒತ್ತಿ ಹಿಡಿದು ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು ತಿರುಗಿಸಿದೆ. ಐದಾರು ಸಲ ಆದ ಮೇಲೆ ಕೈಗೆ ಗೊತ್ತಾಯಿತು. ತಡೆ ಮೆತ್ತಗಾಗುತ್ತಿದೆ. ಒಣಗಿದ ಮಣ್ಣಿನ ಹೆಂಟೆಯನ್ನು ಹೆಬ್ಬೆರಳಲ್ಲಿ ಅದುಮಿದಾಗ ಒಂದು ಕ್ಷಣ ತಡೆದು ಆಮೇಲೆ ಬಿಟ್ಟುಕೊಡುತ್ತದಲ್ಲ, ಹಾಗೆ. ಆಮೇಲೆ ಒಂದು ಸಣ್ಣ ಹಿತ್ತಾಳೆ ಸುತ್ತಿಗೆಯಿಂದ ಕಡ್ಡಿಯ ಹಿಂಬದಿಗೆ ತಟ್ಟಿದೆ. ಬಾಗಿಲು ತಟ್ಟುವುದಕ್ಕಿಂತ ಮೆಲ್ಲಗೆ. ಎರಡು ತಟ್ಟು, ತೆಗೆ, ಒರೆಸು, ನೋಡು. ಮತ್ತೆ ಎರಡು ತಟ್ಟು.

ಈ ಕೆಲಸದಲ್ಲಿ ನೋಡುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಹೋಗಲಿ. ನಾನು ಸುಮಾರು ಮುಕ್ಕಾಲು ಗಂಟೆ ಕೂತಿದ್ದೆ, ಅದರಲ್ಲಿ ಕಡ್ಡಿ ಚೇಂಬರಿನೊಳಗೆ ಇದ್ದದ್ದು ಹತ್ತು ನಿಮಿಷವೂ ಇಲ್ಲ. ಪ್ರತಿ ಸಲ ಟಾರ್ಚ್ ಹಾಕಿದಾಗ ಆ ಹೊಳೆಯುವ ಚುಕ್ಕೆ ಇನ್ನಷ್ಟು ಸಣ್ಣದಾಗಿತ್ತು. ಕೊನೆಗೆ ಚೇಂಬರಿನ ಗೋಡೆಯ ಮೇಲೆ ಬೆಳಕು ಒಂದೇ ಸಮನೆ ಹರಿಯಿತು. ಹತ್ತಿ ಸುತ್ತಿದ ಕಡ್ಡಿ ಎಳೆದೆ. ಮೊದಲು ಎಳೆ ಸಿಕ್ಕಿಕೊಳ್ಳುತ್ತಿತ್ತು. ಈಗ ಸಿಕ್ಕಿಕೊಳ್ಳಲಿಲ್ಲ.

ತೋಟೆಗಳ ಕೋಣೆಯಿಂದ ಒಂದೇ ಒಂದನ್ನು ತಂದು ಚೇಂಬರಿಗೆ ಬಿಟ್ಟೆ. ಟಕ್. ಅಂಚಿನ ತನಕ ಇಳಿಯಿತು. ಆ ಸದ್ದು ಕೇಳಿಸಲೆಂದೇ ಮಗಳನ್ನು ಕೂಗಿದೆ. ಅವಳು ಬಂದು, ಅಷ್ಟೇನಾ ಅಂದಳು. ಅಷ್ಟೇ ಅಂದೆ.

ತಗ್ಗು ಪೂರ್ತಿ ಹೋಗಿಲ್ಲ. ಉಕ್ಕಿನ ಬಹುಪಾಲು ವಾಪಸ್ ಹೋದರೂ ಬಾಯಿಯಲ್ಲಿ ಒಂದು ಮಚ್ಚೆ ಉಳಿದಿದೆ. ತೀರಾ ಆಳದ ತಗ್ಗಾಗಿದ್ದರೆ ಇಸ್ತ್ರಿ ಸಾಕಾಗುವುದಿಲ್ಲ. ಅಂಚಿಗೆ ಅಡಿಗಲ್ಲೇ ಸಿಗುವುದಿಲ್ಲ. ಆಗ ಬೆಸುಗೆ ತುಂಬಿಸಿ ಮತ್ತೆ ಚೇಂಬರ್ ಕೊರೆಯಬೇಕು, ಅಥವಾ ಬ್ಯಾರಲ್ಲೇ ಬದಲಿಸಬೇಕು. ಅದು ಮನೆಯ ಮೇಜಿನ ಕೆಲಸ ಅಲ್ಲ.

ಜೋಡಿಸುವಾಗ ಇನ್ನೊಂದು ತಪ್ಪು ಸಿಕ್ಕಿತು. ರಿಕಾಯಿಲ್ ಸ್ಪ್ರಿಂಗಿನ ಒಂದು ತುದಿ ಸ್ವಲ್ಪ ಬಿಗಿ, ಇನ್ನೊಂದು ಸಡಿಲ. ಬಿಗಿ ತುದಿ ಮೊದಲು ಬ್ಯಾರಲ್ಲಿನ ಮೇಲೆ ಹೋಗಿ ಫ್ರೇಮಿನ ಕಡೆಗೆ ಕೂರಬೇಕು. ನನ್ನದರಲ್ಲಿ ತಿರುಗಮುರುಗ ಇತ್ತು. ಸರಿ ಮಾಡಿದೆ. ಸ್ಲೈಡ್ ಎಳೆದಾಗಿನ ಕರಕರ ನಿಂತಿತು.

ಸೇಫ್ಟಿಯನ್ನೂ ಪರೀಕ್ಷಿಸಬೇಕಿತ್ತು. ಪಿಪಿಯಲ್ಲಿ ಸ್ಲೈಡಿನ ಮೇಲಿನ ಸನ್ನೆಯನ್ನು ಕೆಳಕ್ಕೆ ಒತ್ತಿದರೆ ಎತ್ತಿದ್ದ ಹ್ಯಾಮರ್ ತಾನಾಗಿ ಬೀಳುತ್ತದೆ. ಆದರೆ ಪಿನ್ನಿನ ಮೇಲಲ್ಲ, ನಡುವೆ ತಿರುಗಿ ನಿಲ್ಲುವ ಉಕ್ಕಿನ ಉರುಳೆಯ ಮೇಲೆ. ಹಳೆಯ ಪಿಸ್ತೂಲಿನಲ್ಲಿ ಇದನ್ನು ಕಣ್ಣುಮುಚ್ಚಿ ನಂಬಬಾರದು. ದೊಡ್ಡ ಪಿಸ್ತೂಲುಗಳಲ್ಲಿ ಬ್ಯಾರಲ್ಲಿನೊಳಗೆ ಪೆನ್ಸಿಲ್ ಬಿಟ್ಟು ಅದು ಹಾರುತ್ತದಾ ಅಂತ ನೋಡುತ್ತಾರೆ. .22ರಲ್ಲಿ ಪಿನ್ನು ಅಂಚಿಗೆ ಬಡಿಯುವುದರಿಂದ ಆ ಉಪಾಯ ನಡೆಯುವುದಿಲ್ಲ. ಹಾಗಾಗಿ ಹಾರಿಸಿದ ಖಾಲಿ ಕೇಸನ್ನು, ಹಳೆ ಗುರುತು ಬೇರೆ ಕಡೆ ಬರುವಂತೆ ತಿರುಗಿಸಿ ಚೇಂಬರಿಗೆ ಹಾಕಿದೆ. ಸನ್ನೆಯಿಂದ ಹತ್ತು ಸಲ ಹ್ಯಾಮರ್ ಬೀಳಿಸಿದೆ. ಕೇಸು ತೆಗೆದು ನೋಡಿದರೆ ಹೊಸ ಗುರುತು ಒಂದೂ ಇಲ್ಲ. ಸಮಾಧಾನವಾಯಿತು.

ತುಕ್ಕಿನ ಕೆಲಸ ಸಣ್ಣದು. ಸ್ಲೈಡಿನ ಬಲಬದಿಯಲ್ಲಿ ಕಂದು ಚುಕ್ಕೆಗಳಿದ್ದವು. ಎಣ್ಣೆಯಲ್ಲಿ ಅದ್ದಿದ ಅತಿ ನಯದ ಉಕ್ಕಿನ ಉಣ್ಣೆಯಿಂದ ಮೆಲ್ಲಗೆ ತಿಕ್ಕಿದೆ. ನೀಲಿ ಬಣ್ಣ ಉಳಿಯಿತು, ಚುಕ್ಕೆ ಹೋಯಿತು. ಹೊಸದಾಗಿ ನೀಲಿ ಹಾಕಿಸಲಿಲ್ಲ. ಮೂಲೆಗಳಲ್ಲಿ ಬಿಳಿಚಿದ ಉಕ್ಕು ಕಂಡರೆ ಕಾಣಲಿ, ಅದು ಕೈಗಳು ಹಿಡಿದ ಗುರುತು.

ಮೂರನೇ ಸಲ ರೇಂಜಿಗೆ ಹೋದಾಗ ಎರಡು ಬಗೆಯ ತೋಟೆ ಒಯ್ದೆ. ಒಂದು ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಸೆಕೆಂಡಿಗೆ 1070 ಅಡಿ ವೇಗದ್ದು. ಇನ್ನೊಂದು ಅದೇ ಕಂಪನಿಯ ಮಿನಿ-ಮ್ಯಾಗ್, 1235 ಅಡಿ. ಎರಡರಲ್ಲೂ ಗುಂಡು 40 ಗ್ರೇನ್, ಅಂದರೆ ಎರಡೂವರೆ ಗ್ರಾಂಗೆ ಸ್ವಲ್ಪ ಮೇಲೆ. ಆ ವೇಗಗಳು ಉದ್ದ ಬ್ಯಾರಲ್ಲಿನ ರೈಫಲಿನ ಲೆಕ್ಕ, ಈ ಗಿಡ್ಡ ಬ್ಯಾರಲ್ಲಿನಲ್ಲಿ ಕಡಿಮೆಯೇ ಬರುತ್ತದೆ. ಈ ಪಿಸ್ತೂಲಿನಲ್ಲಿ ಸ್ಲೈಡನ್ನು ಹಿಂದಕ್ಕೆ ತಳ್ಳುವುದು ಕೇಸಿನ ಬುಡದ ಒತ್ತಡ ಮಾತ್ರ, ಬೇರೆ ಯಾವ ಯಂತ್ರವೂ ಇಲ್ಲ. ಹಾಗಾಗಿ ಮೆತ್ತಗಿನ ತೋಟೆಗೆ ಸ್ಲೈಡ್ ಪೂರ್ತಿ ಹೋಗದೆ ಖಾಲಿ ಕೇಸು ಬಾಗಿಲಲ್ಲೇ ಸಿಕ್ಕಿಕೊಂಡಿತು, 50ರಲ್ಲಿ 4 ಸಲ. ಮಿನಿ-ಮ್ಯಾಗ್ 100 ಹಾಕಿದೆ. ಒಂದೂ ಸಿಕ್ಕಿಕೊಳ್ಳಲಿಲ್ಲ. ಹಾರದೆ ಉಳಿದದ್ದು ಎಲ್ಲ ಸೇರಿ 150ರಲ್ಲಿ 1.

ಮ್ಯಾಗಜಿನ್ ತುಂಬಿಸುವಾಗ ಒಂದು ಎಚ್ಚರಿಕೆ ಬೇಕು. .22 ತೋಟೆಗೆ ಅಂಚು ಇರುವುದರಿಂದ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಕೊಕ್ಕೆ ಹಾಕಿಕೊಂಡು ನಿಂತುಬಿಡುತ್ತವೆ. ತಪ್ಪು ಅಲ್ಲಿದ್ದಾಗ ಬೈಗುಳ ಬೀಳುವುದು ಪಿಸ್ತೂಲಿಗೆ.

10 ಗಜದಿಂದ ಹೊಡೆದೆ. ಮೊದಲ ಹೊಡೆತಕ್ಕೆ ಟ್ರಿಗರ್ ಉದ್ದ ಮತ್ತು ಭಾರ, ಅದು ಹ್ಯಾಮರನ್ನು ತಾನೇ ಎತ್ತಿ ಬೀಳಿಸಬೇಕು. ಗುಂಡು ಕೆಳಕ್ಕೆ ಎಡಕ್ಕೆ ಹೋಗುತ್ತದೆ. ಅದು ಪಿಸ್ತೂಲಿನ ತಪ್ಪಲ್ಲ, ನನ್ನ ಬೆರಳಿನದು. ಎರಡನೆಯದರಿಂದ ಹ್ಯಾಮರ್ ಎತ್ತಿಯೇ ಇರುತ್ತದೆ, ಟ್ರಿಗರ್ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ. ಆಗ ಐದು ಗುಂಡು ಒಂದು ಮಜ್ಜಿಗೆ ಲೋಟದ ಬಾಯಿಯೊಳಗೆ ಬಂದವು. ಇಷ್ಟು ಗಿಡ್ಡ ಬ್ಯಾರಲ್ಲಿಗೆ, ಸಾಸಿವೆ ಕಾಳಿನಷ್ಟು ಗುರಿಮಣಿಗೆ, ನನ್ನ ಕಣ್ಣಿಗೆ, ಇದು ಸಂತೋಷದ ವಿಷಯ. ಒದೆತ ಅನ್ನುವುದೇ ಇಲ್ಲ. ಅಂಗೈಯಲ್ಲಿ ಒಂದು ಸಣ್ಣ ತಟ್ಟು.

ಮನೆಗೆ ಬಂದು ತಣ್ಣೀರು ಸೋಪಿನಲ್ಲಿ ಕೈ ತೊಳೆದೆ, ಸೀಸದ ಧೂಳು ಊಟದ ತಟ್ಟೆಗೆ ಬರಬಾರದು. ಬ್ಯಾರಲ್ ಬಿಚ್ಚಲು ಬರುವುದಿಲ್ಲವಾದ್ದರಿಂದ ಚೇಂಬರಿನ ಕಡೆಯಿಂದ ಹಗ್ಗದ ಬ್ರಷ್ ಎಳೆದು ಸ್ವಚ್ಛ ಮಾಡಿದೆ. ಮೂತಿಯ ಕಡೆಯಿಂದ ಕಡ್ಡಿ ತುರುಕಿದರೆ ಬಾಯಿ ಸವೆದು ಗುರಿ ಕೆಡುತ್ತದೆ.

ಮಗಳಿಗೆ ಟ್ರಿಗರ್ ಅಭ್ಯಾಸ ಮಾಡಿಸಬೇಕು. ಅದಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಗೋಡೆಗೆ ಸ್ಕ್ರೂ ಹಾಕುವ ಹಳದಿ ಪ್ಲಾಸ್ಟಿಕ್ ಆಂಕರ್ ಒಂದು ಪೊಟ್ಟಣ ತಂದೆ. 4-6 ಅಳತೆಯವು .22 ಚೇಂಬರಿನಲ್ಲಿ ಅಳೆದು ಮಾಡಿದಂತೆ ಕೂರುತ್ತವೆ. ಪಿನ್ನು ಪ್ಲಾಸ್ಟಿಕ್ಕಿಗೆ ಬಡಿಯುತ್ತದೆ, ಉಕ್ಕಿಗೆ ಬಡಿಯುವುದಿಲ್ಲ. ಹತ್ತು ಸಲ ಆದ ಮೇಲೆ ಹೊಸದು ಹಾಕುತ್ತೇನೆ. ಹಳದಿ ತುದಿ ಕಾಣುತ್ತಿದ್ದರೆ ಚೇಂಬರಿನಲ್ಲಿ ತೋಟೆ ಇಲ್ಲ ಅಂತಲೂ ಗೊತ್ತಾಗುತ್ತದೆ. ಆದರೂ ಅವಳಿಗೆ ಪ್ರತಿ ಸಲ ಸ್ಲೈಡ್ ಎಳೆದು ನೋಡಲೇಬೇಕು ಅಂತ ಹೇಳಿದ್ದೇನೆ. ನೋಡುತ್ತಾಳೆ.

ಇನ್ನೊಂದು ಕೆಲಸ ಬಾಕಿ ಇದೆ. ಕೊನೆಯ ತೋಟೆ ಹಾರಿದ ಮೇಲೆ ಸ್ಲೈಡ್ ಹಿಂದೆಯೇ ನಿಲ್ಲಬೇಕು. ನನ್ನದು ಮೂರರಲ್ಲಿ ಒಂದು ಸಲ ನಿಲ್ಲದೆ ಮುಂದೆ ಬರುತ್ತದೆ. ಮ್ಯಾಗಜಿನ್ ಒಳಗಿನ ತಟ್ಟೆಯ ಮೂಲೆ ಸವೆದಿರಬೇಕು, ಅಥವಾ ಅದರ ಸ್ಪ್ರಿಂಗ್ ಸೋತಿರಬೇಕು. ಈ ಸಲ ಸ್ಪ್ರಿಂಗ್ ತರಿಸುವ ಮೊದಲು ಭೂತಗನ್ನಡಿ ತೆಗೆದಿದ್ದೇನೆ.